ಮಟ್ಟಿಯಿಂದ ಡಾಂಬರು ರಸ್ತೆಗೆ

ವಿಜಯದಶಮಿಯ ಬೆಳಗ್ಗೆ, ಮೈಸೂರು ಅರಮನೆಯ ಒಳತೊಟ್ಟಿ. ಹೊರಗೆ ಜಂಬೂಸವಾರಿ ನೋಡಲು ಜನ ಆಗಲೇ ಫುಟ್‌ಪಾತಿನ ಮೇಲೆ ಟವೆಲು ಹಾಸಿ ಜಾಗ ಹಿಡಿದಿದ್ದಾರೆ. ಒಳಗೆ ನೀವು ನಿಂತಿರುವುದು ಕೆಮ್ಮಣ್ಣಿನ ಮಟ್ಟಿಯ ಅಂಚಿನಲ್ಲಿ. ಪಕ್ಕದಲ್ಲಿ ಜಟ್ಟಿ ಮನೆತನದ ಹಿರಿಯರೊಬ್ಬರು ಕೈಕಟ್ಟಿ ನಿಂತಿದ್ದಾರೆ. ಕಾಳಗಕ್ಕೆ ಇಳಿಯುವವರಲ್ಲಿ ಒಬ್ಬ ಅವರ ಕಡೆಯವನೆಂದು ಯಾರೂ ಹೇಳಬೇಕಾಗಿಲ್ಲ, ಅವರ ದವಡೆ ಬಿಗಿದಿರುವುದನ್ನು ನೋಡಿದರೆ ಸಾಕು.

ಇಬ್ಬರು ಮಟ್ಟಿಗೆ ಇಳಿಯುತ್ತಾರೆ. ಬೋಳಿಸಿದ ತಲೆ, ಸಣ್ಣ ಜುಟ್ಟು, ಸೊಂಟಕ್ಕೆ ಬಿಗಿದ ಚಡ್ಡಿ. ಅವರ ಬಲಗೈ ನೋಡಿ. ಬೆರಳು ತೂರಿಸಿ ಹಿಡಿದ ವಜ್ರಮುಷ್ಟಿ, ಗೆಣ್ಣುಗಳ ಮೇಲೆ ಸಾಲಾಗಿ ಎದ್ದುನಿಂತ ಮೊನೆಗಳು. ಹಿಂದೆ ದಂತದಲ್ಲೂ ಕೊಂಬಿನಲ್ಲೂ ಮಾಡುತ್ತಿದ್ದ ಆಯುಧವಿದು. ಗುರಿ ಎದುರಾಳಿಯ ತಲೆ. ಅಲ್ಲಿಂದ ರಕ್ತ ಜಿನುಗಿದರೆ ಕಾಳಗ ಮುಗಿದಂತೆ.

ಸನ್ನೆ ಆಯಿತು. ಇಬ್ಬರೂ ಬಾಗಿ, ಎಡಗೈ ಮುಂದೆ ಚಾಚಿ, ಒಬ್ಬರು ಇನ್ನೊಬ್ಬರ ಬಲ ಮಣಿಕಟ್ಟನ್ನು ಹುಡುಕುತ್ತಾರೆ. ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಮೈಗೆ ಮೈ ಬಡಿದ ಸದ್ದು, ಮೂಗಿನಿಂದ ದಬ್ಬಿ ಬರುವ ಉಸಿರು. ಒಬ್ಬನ ಕೈ ಬಿಡಿಸಿಕೊಂಡು ಮೇಲೆದ್ದು ಇಳಿಯಿತು. ಬೋಳುತಲೆಯ ಮೇಲೆ ಕೆಂಪು ಗೆರೆ ಮೂಡಿ ಕಿವಿಯ ಕಡೆಗೆ ಹರಿಯುವಷ್ಟರಲ್ಲಿ ಹಿರಿಯರು ನಡುವೆ ನುಗ್ಗಿ ಇಬ್ಬರನ್ನೂ ಹಿಡಿದುಕೊಂಡಿದ್ದಾರೆ. ಒಂದು ನಿಮಿಷವೂ ಆಗಿಲ್ಲ. ಇನ್ನು ರಾಜಮನೆತನದವರು ವಿಜಯಯಾತ್ರೆ ಹೊರಟು ಭುವನೇಶ್ವರಿ ಗುಡಿಯ ಬಳಿ ಬನ್ನಿ ಪೂಜೆ ಮಾಡಬೇಕು. ಗಾಯಗೊಂಡವನು ತಲೆಗೆ ಬಟ್ಟೆ ಒತ್ತಿಕೊಂಡು, ತನಗೆ ಹೊಡೆದವನ ಜೊತೆಯಲ್ಲೇ ಒಳಗೆ ನಡೆದ.

ಇದು ಬರೀ ಶಾಸ್ತ್ರಕ್ಕೆ ಮಾಡುವ ಕಾಳಗ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿದ್ದ ಏಟು ಸುಳ್ಳಲ್ಲ, ತಲೆ ಒಡೆಯುತ್ತದೆಂದು ಗೊತ್ತಿದ್ದೂ ಅವನು ಹಿಂದೆ ಸರಿಯಲಿಲ್ಲ. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿಯ ಮಲ್ಲರ ಹೊಡೆತಕ್ಕೆ ಹಲ್ಲು ಉದುರುವುದನ್ನೂ ಮುಖ ಕೆಡುವುದನ್ನೂ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ಸಾಕುವ ಬಗೆ, ಅವರ ಊಟ, ಅವರ ಸಾಧನೆಗೇ ಪ್ರತ್ಯೇಕ ಭಾಗ ಮೀಸಲಿಟ್ಟಿದ್ದ. ಈ ನೆಲದಲ್ಲಿ ಹೊಡೆದಾಟವನ್ನು ಕಲಿಸಿ ಕಲಿಯುವ ಕಸುಬು ಅಷ್ಟು ಹಳೆಯದು.

ಆದರೂ ತೊಟ್ಟಿಯಿಂದ ಹೊರಗೆ ಬರುವಾಗ ಒಂದು ಪ್ರಶ್ನೆ ಬೆನ್ನು ಬಿಡುವುದಿಲ್ಲ. ಗಾಯಗೊಂಡ ಆ ಜಟ್ಟಿಗೆ ಕಾಳಗದ ದಿನ ಗೊತ್ತಿತ್ತು. ಎದುರಾಳಿ ಯಾರೆಂದು ಗೊತ್ತಿತ್ತು. ಕಾಲಡಿಯ ಮಣ್ಣು ಮೆತ್ತಗಿತ್ತು. ರಕ್ತ ಕಂಡ ಕೂಡಲೇ ಬಿಡಿಸುವ ಹಿರಿಯರು ಮೊಳದ ದೂರದಲ್ಲಿದ್ದರು. ಇದರಲ್ಲಿ ಒಂದೂ ಇಲ್ಲದ ಜಾಗದಲ್ಲಿ, ರಾತ್ರಿ ಹತ್ತೂವರೆಗೆ, ಓಣಿಯ ತಿರುವಿನಲ್ಲಿ ಯಾರೋ ಕಾಲರಿಗೆ ಕೈ ಹಾಕಿದರೆ ಕಲಿತದ್ದರಲ್ಲಿ ಎಷ್ಟು ಕೈಗೆ ಬರುತ್ತದೆ?

ಅದಕ್ಕೆ ಮೊದಲು ಗರಡಿಗೆ ಬನ್ನಿ. ಮೈಸೂರಿನ ಹಳೆಯ ಮೊಹಲ್ಲಾ ಒಂದರ ಗರಡಿಮನೆ, ಸಂಜೆ. ಗೋಡೆಯಲ್ಲಿ ಆಂಜನೇಯ, ಕೆಳಗೆ ಊದಿನಕಡ್ಡಿ, ಮೂಲೆಯಲ್ಲಿ ಗದೆಗಳು, ಕಲ್ಲುಗುಂಡು. ಮಟ್ಟಿಯ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಸೇರಿಸಿ ಹದ ಮಾಡಿದ್ದಾರೆ. ಕೈ ಹಾಕಿ ನೋಡಿ, ಬೆರಳು ಸಲೀಸಾಗಿ ಇಳಿಯುತ್ತದೆ. ಹುಡುಗರು ದಂಡ, ಬಸ್ಕಿ ಮುಗಿಸಿ ಬೆವರಿಗೆ ಮಣ್ಣು ಬಳಿದುಕೊಂಡಿದ್ದಾರೆ.

ಜೋಡಿ ಬಿಟ್ಟರು. ಇಪ್ಪತ್ತೆರಡರ ಹುಡುಗನೊಬ್ಬ, ಹಗಲು ಬೈಕ್ ಗ್ಯಾರೇಜಿನಲ್ಲಿ ಕೆಲಸ. ಎದುರಿಗೆ ಅವನಿಗಿಂತ ಹತ್ತು ಹನ್ನೆರಡು ಕೆಜಿ ಹೆಚ್ಚಿರುವ ಪೈಲ್ವಾನ್, ದೊಡ್ಡಕೆರೆ ಮೈದಾನದ ದಸರಾ ಕುಸ್ತಿಯಲ್ಲಿ ಆಡಿದವನು. ಹತ್ತಿರ ಬಂದು ನೋಡಿ, ಏಕೆಂದರೆ ನನ್ನ ಮಾತೆಲ್ಲ ಇಲ್ಲೇ ಇದೆ. ಪೈಲ್ವಾನನ ಅಂಗೈ ಹುಡುಗನ ಕತ್ತಿನ ಹಿಂದೆ ಬಡಿದು ಕೂತಿದೆ. ಎಳೆಯುತ್ತಿಲ್ಲ, ಸುಮ್ಮನೆ ಭಾರ ಬಿಟ್ಟಿದ್ದಾನೆ. ಆ ಭಾರಕ್ಕೆ ಹುಡುಗನ ಕತ್ತಿನ ನರಗಳು ಎದ್ದಿವೆ. ಅವನು ಸೊಂಟ ಇಳಿಸುತ್ತಾನೆ, ಹಿಮ್ಮಡಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಕಾಲಿಗೆ ಕೈ ಹಾಕಲು ನೋಡಿದ, ಸಿಗಲಿಲ್ಲ. ಪೈಲ್ವಾನ್ ಮೇಲೆ ಒರಗಿದ. ಹುಡುಗನ ಮುಖ ಮಣ್ಣಿನಲ್ಲಿ, ಬಾಯಲ್ಲಿ ಮಣ್ಣು, ಬೆನ್ನ ಮೇಲೆ ಎಂಬತ್ತು ಕೆಜಿ.

‘ಉಸಿರು ಕಟ್ಬೇಡ್ವೋ, ಉಸಿರು!’ ಎಂದರು ಉಸ್ತಾದ್, ಕುಳಿತಲ್ಲಿಂದಲೇ.

ಹುಡುಗ ಮೊಣಕೈ ಒಳಗೆ ಎಳೆದುಕೊಂಡ, ಮಗ್ಗುಲಾದ, ಇಂಚು ಇಂಚಾಗಿ ಮಂಡಿಗೆ ಬಂದ, ಎದ್ದು ನಿಂತ. ಮತ್ತೆ ಅಂಗೈ ಕತ್ತಿಗೆ ಬಿತ್ತು.

ಪೈಲ್ವಾನನಿಗೆ ಬೀಳುವ ಮನಸ್ಸಿಲ್ಲ. ಅಷ್ಟೇ ವಿಷಯ. ಹುಡುಗನ ಪಟ್ಟು ಚೆನ್ನಾಗಿದೆಯೆಂದು ಅವನು ದಾಕ್ಷಿಣ್ಯಕ್ಕೆ ಬೀಳುವುದಿಲ್ಲ. ಧೋಬಿ ಪಛಾಡ್, ಢಾಕ್, ಕಲಾಜಂಗ್ ಎಂದು ಎಷ್ಟು ಹೆಸರು ಬಾಯಿಪಾಠ ಮಾಡಿದರೂ, ಒಲ್ಲದವನ ಮೇಲೆ ನಡೆಯುವುದು ಎರಡೋ ಮೂರೋ. ಆ ಎರಡು ಮೂರು ಯಾವುವೆಂದು ಇವನ ಮೈಗೆ ದಿನಾ ಸಂಜೆ ಗೊತ್ತಾಗುತ್ತಿದೆ.

ಸ್ನಾನಕ್ಕೆ ಮುಂಚೆ ಜಗಲಿಯ ಮೇಲೆ ಹುಡುಗರು ಒಂದೇ ಮೊಬೈಲಿಗೆ ತಲೆ ಜೋಡಿಸಿದ್ದಾರೆ. ಚೀನಾದ ಚೆಂಗ್ಡು ನಗರ, 2017ರ ಏಪ್ರಿಲ್. ತೈ ಚಿ ಗುರು ವೇ ಲೇ ಎರಡೂ ಕೈ ತೆರೆದು ಗಾಳಿಯಲ್ಲಿ ನಿಧಾನ ತಿರುಗಿಸುತ್ತಿದ್ದಾರೆ. ಎದುರಿಗೆ ಶು ಶಿಯಾವೊಡಾಂಗ್, ಮಿಶ್ರ ಸಮರಕಲೆಯ ಹೋರಾಟಗಾರ. ಶು ನುಗ್ಗಿದ. ಇಪ್ಪತ್ತು ಸೆಕೆಂಡಿನೊಳಗೆ ಗುರು ನೆಲದ ಮೇಲೆ, ಮುಖಕ್ಕೆ ಮೇಲಿಂದ ಮೇಲೆ ಗುದ್ದು. ಹುಡುಗರು ಮತ್ತೆ ಹಿಂದಕ್ಕೆಳೆದು ನೋಡುತ್ತಾರೆ.

‘ಹಳೇದೆಲ್ಲ ವೇಸ್ಟು ಅಂತಾಯ್ತಲ್ಲ ಉಸ್ತಾದ್ರೆ?’

‘ಅವ್ರಿಗೆ ದಿನಾ ಯಾರು ಹೊಡೀತಿದ್ರು?’ ಎಂದರು ಉಸ್ತಾದ್. ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಜಪಾನಿನಲ್ಲಿ ಜಿಗೊರೊ ಕಾನೊ ಬಹಳ ಹಿಂದೆಯೇ ಬಿಡಿಸಿದ್ದರು. 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆ ಶುರುಮಾಡಿದಾಗ ಅವರು ಹಳೆಯ ಜುಜುತ್ಸುವನ್ನು ಎರಡು ಪಾಲು ಮಾಡಿದರು. ಪ್ರಾಣಕ್ಕೆ ಕುತ್ತಾಗುವ ಏಟುಗಳನ್ನು ಕ್ರಮಬದ್ಧ ಪ್ರದರ್ಶನಕ್ಕೆ ಸೀಮಿತಗೊಳಿಸಿ, ಉಳಿದ ಎಸೆತ, ಹಿಡಿತಗಳನ್ನು ಪೂರ್ತಿ ಬಲ ಹಾಕಿ, ಒಲ್ಲದ ಎದುರಾಳಿಯ ಮೇಲೆ ದಿನವೂ ಆಡಿಸಿದರು. ‘ರಂದೋರಿ’ ಎಂದು ಅದಕ್ಕೆ ಹೆಸರು. ಅದೇ ಕೊಡೊಕಾನಿನ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ಮುಟ್ಟಿ, ಗ್ರೇಸಿ ಮನೆತನದ ಹುಡುಗನೊಬ್ಬನಿಗೆ ವಿದ್ಯೆ ಹೇಳಿಕೊಟ್ಟರು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಎಂಟು ಬಗೆಯ ಹೋರಾಟಗಾರರನ್ನು ಒಂದೇ ಬೇಲಿಯೊಳಗೆ ಬಿಟ್ಟಾಗ, ಆ ಮನೆತನದ ರಾಯ್ಸ್ ಗ್ರೇಸಿ ಮೂರು ಪಂದ್ಯಗಳನ್ನೂ ಗೆದ್ದ. ಆಳು ಸಣಕಲು. ಬಾಕ್ಸರನನ್ನೂ ಒದೆತದ ಪಟುವನ್ನೂ ಅಪ್ಪಿ ಹಿಡಿದು ನೆಲಕ್ಕೆ ತಂದ. ಅಲ್ಲಿ ಗೆದ್ದದ್ದು ಒಂದು ಹಳೆಯ ವಿದ್ಯೆಯೇ, ಒಲ್ಲದವನ ಜೊತೆ ಸೆಣಸುವುದನ್ನು ತಲೆಮಾರಿನಿಂದ ತಲೆಮಾರಿಗೆ ಬಿಡದೆ ಬಂದ ವಿದ್ಯೆ.

ಹಾಗಾಗಿ ಹಳತು ಹೊಸತು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ಸಿಟ್ಟು ಬೇರೆ ಕಡೆಗಿದೆ. ಹೆಣ್ಣುಮಕ್ಕಳಿಗೆ ಒಂದು ದಿನದ ಆತ್ಮರಕ್ಷಣಾ ಶಿಬಿರ ಮಾಡುತ್ತಾರಲ್ಲ, ಅಲ್ಲಿ ತರಬೇತುದಾರ ಮೆಲ್ಲಗೆ ಮಣಿಕಟ್ಟು ಹಿಡಿಯುತ್ತಾನೆ, ಹುಡುಗಿ ಹೇಳಿಕೊಟ್ಟಂತೆ ತಿರುಗಿಸುತ್ತಾಳೆ, ಅವನು ಬಿಟ್ಟುಬಿಡುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಮಗು ಮನೆಗೆ ಹೋಗುವುದು ‘ನನಗೆ ಬರುತ್ತದೆ’ ಎಂಬ ನಂಬಿಕೆ ಹೊತ್ತು. ಬಿಡಲು ಮನಸ್ಸಿಲ್ಲದ ಕೈ ಹೇಗಿರುತ್ತದೆಂದು ಅವಳಿಗೆ ಯಾರೂ ತೋರಿಸಿಲ್ಲ. ಜೋರಾಗಿ ಕಿರುಚುವುದನ್ನು, ಜನ ಇರುವ ಕಡೆಗೆ ಓಡುವುದನ್ನು, ನಿಜವಾಗಿ ಬಿಗಿಹಿಡಿದ ಕೈಯೊಡನೆ ಗುದ್ದಾಡುವುದನ್ನು ವಾರಗಟ್ಟಲೆ ಮಾಡಿಸಿದರೆ ಪ್ರಯೋಜನವಿದೆ. ಒಂದು ಮಧ್ಯಾಹ್ನದಲ್ಲಿ ಹುಸಿಧೈರ್ಯ ತುಂಬುವುದು ಅವಳಿಗೆ ಮಾಡುವ ಅನ್ಯಾಯ.

ಇನ್ನು ಓಣಿಗೆ ಹೋಗೋಣ. ಗ್ಯಾರೇಜಿನ ಹುಡುಗ ನನಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಜೋಡಿಸಿಕೊಟ್ಟಿದ್ದೇನೆ. ಅವನ ಜಾಗದಲ್ಲಿ ನೀವು ನಿಲ್ಲಿ.

ದಸರಾ ದೀಪಗಳ ರಾತ್ರಿ. ಸಯ್ಯಾಜಿರಾವ್ ರಸ್ತೆಯ ಗದ್ದಲ ತಪ್ಪಿಸಲು ಬೈಕನ್ನು ಓಣಿಗೆ ತಿರುಗಿಸಿದ್ದೀರಿ. ಮುಚ್ಚಿದ ಅಂಗಡಿಗಳ ಮುಂದೆ ನಿಂತವನೊಬ್ಬನ ಮೊಣಕೈಗೆ ನಿಮ್ಮ ಕನ್ನಡಿ ತಾಗಿತು.

‘ಏಯ್! ಏನ್ ಗುರು, ಕಣ್ ಕಾಣಲ್ವಾ?’

‘ಸಾರಿ ಅಣ್ಣ, ನೋಡ್ಲಿಲ್ಲ’ ಎಂದಿರಿ. ಬೈಕ್ ಆಫ್ ಮಾಡಿ ಇಳಿದಿರಿ. ಇಳಿಯಬಾರದಿತ್ತು, ಆದರೆ ಇಳಿದಾಯಿತು. ಅವನು ಹತ್ತಿರ ಬಂದ. ಬಾಯಿಂದ ಕುಡಿದ ವಾಸನೆ. ಬಯ್ಗುಳ ತಾಯಿಯವರೆಗೆ ಹೋಯಿತು.

ಈಗ ನಿಮ್ಮ ಮೈ ಏನು ಮಾಡುತ್ತಿದೆ ನೋಡಿಕೊಳ್ಳಿ. ನಾಲಗೆ ಒಣಗಿ ಅಂಗುಳಿಗೆ ಅಂಟಿದೆ. ಎದೆಬಡಿತ ಗಂಟಲಲ್ಲಿ ಕೇಳುತ್ತಿದೆ. ಮುಖ್ಯರಸ್ತೆಯ ಧ್ವನಿವರ್ಧಕದ ಹಾಡು ಇದ್ದಕ್ಕಿದ್ದಂತೆ ದೂರವಾಗಿದೆ. ಬೀಗದ ಕೈ ಜೇಬಿಗೆ ಹಾಕಲು ಹೋದರೆ ಬೆರಳಿಗೆ ಜೇಬು ಸಿಗುತ್ತಿಲ್ಲ. ಕಣ್ಣಿಗೆ ಕಾಣುತ್ತಿರುವುದು ಅವನ ಮುಖವೊಂದೇ, ಅದರ ಆಚೆಗಿನದೆಲ್ಲ ಮಸುಕು. ಇದು ಹೇಡಿತನವಲ್ಲ. ಅಪಾಯ ಕಂಡಾಗ ಅಡ್ರಿನಲಿನ್ ನೆತ್ತರಿಗೆ ಸುರಿದು ಎಲ್ಲರ ಮೈಯಲ್ಲೂ ಹೀಗೇ ಆಗುತ್ತದೆ, ಪೈಲ್ವಾನನಿಗೂ. ಬೆರಳ ತುದಿಯ ಸೂಕ್ಷ್ಮ ಕೆಲಸಗಳೆಲ್ಲ ಮೊದಲು ಕೈಕೊಡುತ್ತವೆ. ಹೆಬ್ಬೆರಳು ತಿರುಚುವ, ನರ ಒತ್ತುವ ಕುಶಲವಿದ್ಯೆಗಳು ಈ ಹೊತ್ತಿಗೆ ಒದಗುವುದಿಲ್ಲ. ತೊಡೆ, ಸೊಂಟ, ಬೆನ್ನು ಮಾತ್ರ ಇನ್ನೂ ನಿಮ್ಮ ಮಾತು ಕೇಳುತ್ತವೆ.

ಅವನ ಬಲಗೈ ನಿಮ್ಮ ಕಾಲರಿಗೆ ಬಂತು.

ಯೋಚಿಸುವ ಮೊದಲೇ ನಿಮ್ಮ ಸೊಂಟ ಇಳಿದಿದೆ. ಕೈ ಅವನ ತೋಳನ್ನು ಅಪ್ಪಿದೆ, ಭುಜ ಅವನ ಕಂಕುಳ ಕೆಳಗೆ ಹೊಕ್ಕಿದೆ. ಧೋಬಿ ಪಛಾಡ್ ಸಿದ್ಧ. ಬಟ್ಟೆ ಒಗೆಯುವ ಕಲ್ಲಿಗೆ ಬಡಿದಂತೆ ಅವನನ್ನು ಬೆನ್ನ ಮೇಲಿಂದ ಎತ್ತಿ ಹಾಕಬಹುದು. ಮಟ್ಟಿಯಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೀರೆಂಬ ಲೆಕ್ಕವಿಲ್ಲ, ಬಿದ್ದವನು ಮಣ್ಣು ಕೊಡವಿಕೊಂಡು ಏಳುತ್ತಿದ್ದ. ಇಲ್ಲಿ ಕೆಳಗೆ ಡಾಂಬರು. ಅದರ ಅಂಚಿನಲ್ಲಿ ಫುಟ್‌ಪಾತಿನ ಕಲ್ಲು. ಕುಡಿದವನಿಗೆ ಬೀಳುವಾಗ ಗದ್ದ ಎದೆಗೊತ್ತಿ ತಲೆ ಉಳಿಸಿಕೊಳ್ಳಲು ಬರುವುದಿಲ್ಲ. ಬೀದಿ ಜಗಳದಲ್ಲಿ ಒಂದೇ ಏಟಿಗೆ ಸತ್ತರು ಎನ್ನುತ್ತಾರಲ್ಲ, ಎಷ್ಟೋ ಸಲ ಕೊಂದದ್ದು ಏಟಲ್ಲ, ಬಿದ್ದಾಗ ತಲೆಗೆ ಬಡಿದ ನೆಲ.

ನೀವು ಎಸೆಯಲಿಲ್ಲ. ‘ಯಾಕೆ ಅಂತ ಗೊತ್ತಿಲ್ಲ, ಕಲ್ಲು ಕಾಣಿಸ್ತು’ ಎಂದಷ್ಟೇ ಆ ಹುಡುಗ ನನಗೆ ಹೇಳಿದ್ದು. ಕುಡಿದವನ ಎದೆಗೆ ಹಣೆ ಒತ್ತಿ, ಎರಡೂ ತೋಳು ಸೇರಿಸಿ ಅಪ್ಪಿ, ಹಿಂದಕ್ಕೆ ತಳ್ಳಿಕೊಂಡು ಹೋದಿರಿ. ಅಂಗಡಿಯ ಷಟರ್ ಧಡಾರ್ ಎಂದಿತು. ಅಪ್ಪುಗೆಯಲ್ಲಿ ಅವನು ಒದ್ದಾಡುತ್ತಿದ್ದಾನೆ, ಆದರೆ ಆ ಒದ್ದಾಟಕ್ಕೆ ಗರಡಿಯ ಪೈಲ್ವಾನನ ಕಾಲುಭಾಗದ ತೂಕವಿಲ್ಲ. ಆ ಒಂದು ಕ್ಷಣ ನಿಮಗೆ ನೆಮ್ಮದಿಯಾಗುತ್ತದೆ. ಗೊತ್ತಿರುವ ಜಾಗಕ್ಕೆ ಬಂದೆ ಅನಿಸುತ್ತದೆ.

ಹಿಂದಿನಿಂದ ಎಡಗಿವಿಗೆ ಏಟು ಬಿತ್ತು.

ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ ಇನ್ನೊಬ್ಬ. ಅವನನ್ನು ನೀವು ನೋಡಿಯೇ ಇರಲಿಲ್ಲ. ಕುಸ್ತಿ ಕಲಿಸುವುದು ಒಬ್ಬನನ್ನು ನೋಡಲು, ಕಣ್ಣು ಕೀಳದೆ ನೋಡಲು. ಅದೇ ಇಲ್ಲಿ ಮುಳುವಾಯಿತು. ಮಟ್ಟಿಯಲ್ಲಿ ಮೂರನೆಯ ಕೈ ಇರುವುದಿಲ್ಲ, ಆ ಕೈಯಲ್ಲಿ ಬಾಟಲಿಯೋ ಚಾಕುವೋ ಇರುವುದಿಲ್ಲ. ಈ ಕೈಯಲ್ಲಿ ಏನೂ ಇರಲಿಲ್ಲ. ಅದು ವಿದ್ಯೆಯ ಬಲವಲ್ಲ, ಅದೃಷ್ಟ. ಹಿಡಿತದಲ್ಲಿ ಎಷ್ಟೇ ಪಳಗಿದವನಾಗಲಿ, ಚಾಕು ಹಿಡಿದವನನ್ನು ತಬ್ಬಿಕೊಂಡರೆ ಇರಿಸಿಕೊಳ್ಳುತ್ತಾನೆ.

ಆದರೆ ನೀವು ಬೀಳಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿದೆ, ಕಾಲು ಮಾತ್ರ ಮೈಕೆಳಗೇ ಇದೆ. ದಿನಾ ಸಂಜೆ ಕತ್ತಿಗೆ ಬಡಿಯುತ್ತಿದ್ದ ಆ ಅಂಗೈ ಈಗ ನಿಮ್ಮನ್ನು ಕಾಯಿತು. ಏಟು ಬಿದ್ದ ಕೂಡಲೇ ಎಲ್ಲ ಮುಗಿಯಿತು ಎಂದು ಕೈಚೆಲ್ಲುವವರು, ಹಿಂದೆಂದೂ ಏಟು ತಿಂದಿರದವರು. ನೀವು ಅಪ್ಪಿದವನನ್ನು ಬಿಡದೆ ಗಿರಕ್ಕನೆ ತಿರುಗಿಸಿ ನಿಮಗೂ ಎರಡನೆಯವನಿಗೂ ನಡುವೆ ತಂದಿರಿ. ಅವನನ್ನು ಇವನ ಮೇಲೆ ನೂಕಿದಿರಿ. ಇಬ್ಬರೂ ತಡವರಿಸಿದರು.

ಓಡಿದಿರಿ. ಬೈಕ್ ಅಲ್ಲೇ ಬಿಟ್ಟು, ಒಂದು ಚಪ್ಪಲಿ ಅಲ್ಲೇ ಬಿಟ್ಟು, ದೀಪ ಇರುವ ಕಡೆಗೆ. ಬಂದೋಬಸ್ತಿನ ಪೊಲೀಸರು ನಿಂತಿದ್ದ ವೃತ್ತ ಕಾಣುವವರೆಗೆ ಹಿಂದೆ ತಿರುಗಿ ನೋಡಲಿಲ್ಲ. ಪೊಲೀಸರ ಜೊತೆ ವಾಪಸ್ ಬಂದಾಗ ಓಣಿಯಲ್ಲಿ ಯಾರೂ ಇರಲಿಲ್ಲ, ಬೈಕ್ ನಿಂತಲ್ಲೇ ಇತ್ತು. ಆಮೇಲೆ ಬಹಳ ಹೊತ್ತು ಕೈ ನಡುಗುತ್ತಿತ್ತು, ಟೀ ಲೋಟ ಹಿಡಿಯಲಾಗಲಿಲ್ಲ. ಎಲ್ಲ ಸೇರಿ ಎಷ್ಟು ಹೊತ್ತು ನಡೆಯಿತು ಎಂದು ಕೇಳಿದರೆ ಹುಡುಗ ಐದು ನಿಮಿಷ ಎನ್ನುತ್ತಾನೆ. ಅಷ್ಟು ಇರಲಾರದು. ಅಂಥ ಹೊತ್ತಿನಲ್ಲಿ ಕಾಲ ಹಿಗ್ಗುತ್ತದೆ.

ಅವನು ಎಸೆದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಮೈಮೇಲೆ ಬಂದವನನ್ನು ತಡೆಯುವ ಹಕ್ಕು ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಕಾಲರ್ ಹಿಡಿದ ಕುಡುಕನ ತಲೆ ಕಲ್ಲಿಗೆ ಬಡಿದು ಅವನು ಸತ್ತಿದ್ದರೆ, ‘ನಾನು ಗರಡಿಯಲ್ಲಿ ಕಲಿತ ಪಟ್ಟು ಹಾಕಿದೆ ಅಷ್ಟೇ’ ಎಂಬ ಮಾತು ಕೋರ್ಟಿನಲ್ಲಿ ಇವನಿಗೇ ತಿರುಗಿಕೊಳ್ಳಬಹುದಿತ್ತು. ಇಪ್ಪತ್ತೆರಡರ ಹುಡುಗ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಹೊರಗೆ ಕೈ ಎತ್ತಿದವನು ಮತ್ತೆ ಗರಡಿ ಮೆಟ್ಟಿಲು ಹತ್ತಬಾರದು ಎಂದು ಉಸ್ತಾದರು ಶುರುವಿನಲ್ಲೇ ಆಣೆ ಹಾಕಿಸುವುದನ್ನು ನಾನು ಮೊದಲು ಬರೀ ಶಿಸ್ತಿನ ಮಾತೆಂದುಕೊಂಡಿದ್ದೆ. ಆ ಕೈ ಏನು ಮಾಡಬಲ್ಲದೆಂದು ಬಲ್ಲವರು ಹಾಕಿದ ಆಣೆ ಅದು.

ಮರುದಿನ ಸಂಜೆ ಉಸ್ತಾದ್ ಹುಡುಗನ ಗಲ್ಲ ಹಿಡಿದು ಕಿವಿಯನ್ನು ದೀಪಕ್ಕೆ ತಿರುಗಿಸಿ ನೋಡಿದರು. ರಕ್ತ ಬಂತಾ, ಕೇಳಿಸ್ತಾ ಇದೆಯಾ ಎಂದು ವಿಚಾರಿಸಿದರು. ಡಾಕ್ಟರ ಹತ್ತಿರ ಹೋಗಿ ತೋರಿಸು ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

‘ಎರಡನೆಯವ್ನು ಎಲ್ಲಿ ನಿಂತಿದ್ದ?’

‘ನೋಡ್ಲಿಲ್ಲ ಉಸ್ತಾದ್ರೆ.’

‘ಮೂರನೆಯವ್ನು ಇದ್ನಾ?’

ಹುಡುಗ ಸುಮ್ಮನಾದ. ಅದೂ ಅವನಿಗೆ ಗೊತ್ತಿರಲಿಲ್ಲ.

ಉಸ್ತಾದ್ ಎಲ್ಲರಿಗೂ ಶರ್ಟು ಹಾಕಿಕೊಳ್ಳಲು ಹೇಳಿದರು. ಮಟ್ಟಿ ಬಿಟ್ಟು ಹೊರಗಿನ ಕಲ್ಲಂಗಳಕ್ಕೆ ಕರೆತಂದರು. ಒಬ್ಬ ನಡುವೆ, ಮೂವರು ಸುತ್ತ. ಯಾರು ಮೊದಲು ಕೈ ಹಾಕುತ್ತಾರೆಂದು ನಡುವಿನವನಿಗೆ ಗೊತ್ತಾಗುವಂತಿಲ್ಲ. ಎತ್ತಿ ಹಾಕುವಂತಿಲ್ಲ, ಗುದ್ದುವಂತಿಲ್ಲ. ಬಿಡಿಸಿಕೊಂಡು ಗೇಟು ಮುಟ್ಟಬೇಕು, ಅಷ್ಟೇ. ದಸರಾ ಕುಸ್ತಿಯಲ್ಲಿ ಆಡಿದ ಆ ಪೈಲ್ವಾನನೇ ಮೊದಲು ನಿಂತ. ಒಬ್ಬ ಹಿಂದಿನಿಂದ ಶರ್ಟನ್ನು ತಲೆಯ ಮೇಲಕ್ಕೆಳೆದು ಮುಸುಕು ಹಾಕಿದ, ಇನ್ನಿಬ್ಬರು ತಳ್ಳಿದರು, ಗೋಡೆಗೆ ಹೋಗಿ ಸಿಕ್ಕಿಕೊಂಡ. ಶರ್ಟಿನೊಳಗಿಂದ ಅವನ ಬಯ್ಗುಳ ಕೇಳಿಸಿತು. ಮತ್ತೆ ನಿಂತ, ಮತ್ತೆ ಸಿಕ್ಕಿಕೊಂಡ. ಮುಂದಿನ ಸಲ ಅವನು ನಿಂತ ಜಾಗದಲ್ಲೇ ನಿಲ್ಲಲಿಲ್ಲ, ಕಣ್ಣು ಆಡಿಸುತ್ತ ಮೊದಲೇ ಗೇಟಿನ ಕಡೆಗೆ ಸರಿಯತೊಡಗಿದ.

‘ಹಾಂ, ಹಂಗೆ’ ಎಂದರು ಉಸ್ತಾದ್. ‘ಈಗ ನೀನು ಬಾರೋ, ಗ್ಯಾರೇಜು. ನಿಂಗೆ ನಾಲ್ಕು ಜನ.’